ಓನರಮ್ಮನ ಕೊಟ್ಟಿಗೆ

ಬೆಳಿಗ್ಗೆ ಕುಕ್ಕರ್ ಕೂಗದ ರೂಮಿನ ಬಾಗಿಲನ್ನು ಓನರಮ್ಮ ಕೋಲಿನಿಂದ ಕುಟ್ಟುತ್ತಿದ್ದರು.

"ಏ ರಾಯಚೂರು, ಯಾಕ್ಲಾ ಒಲೆ ಅಚ್ಚಿಲ್ಲ? ಬದುಕಿದ್ದೀರೋ ಎಂಗೆ?"

ಒಳಗಿನಿಂದ "ಅದೀವ್ರೀ ಅಮ್ಮಾರ, ನೈಟ್ ಶಿಫ್ಟ್ ಇತ್ತು" ಎಂದು ನಿದ್ದೆಗಣ್ಣಿನ ಮಾತು ಬರಬೇಕು. ಬಂದರೆ, "ಇದ್ರೆ ಸರಿ, ಮನೀಕೋ" ಎಂದು ಕೋಲು ಮುಂದಿನ ಬಾಗಿಲಿಗೆ ಹೋಗುತ್ತಿತ್ತು. ಬಾರದಿದ್ದರೆ ಬಾಗಿಲು ಬಿಟ್ಟು ಕಿಟಕಿಯ ಸರಳಿಗೆ ಬೀಳುತ್ತಿತ್ತು. ಆ ಸದ್ದಿಗೆ ಇಡೀ ಸಾಲೇ ಎದ್ದು ಕೂರಬೇಕು.

ತೀರಿಕೊಂಡವರ ವಿಷಯ ಹೇಳುವಾಗ ನಮ್ಮಜ್ಜಿ ಯಾವಾಗಲೂ ಅವರ ಬೈಗುಳದಿಂದಲೇ ಶುರು ಮಾಡುತ್ತಿದ್ದಳು. "ಒಳ್ಳೆ ಮಾತನ್ನ ಎಲ್ರೂ ನೆನಪಿಟ್ಕೊಂಡಿರ್ತಾರೆ ಕಣೋ, ಬೈಗುಳ ಮಾತ್ರ ಅವರ ಜೊತೇಲೇ ಹೊರಟೋಗ್ತದೆ" ಅನ್ನುತ್ತಿದ್ದಳು. ಓನರಮ್ಮ ಹೋದ ಮೇಲೆ ಇನ್ನೂ ಒಂದು ಮಳೆಗಾಲ ಕಳೆದಿಲ್ಲ. ಬೈಗುಳಗಳು ಕಿವಿಯಲ್ಲಿ ಹಸಿಯಾಗಿಯೇ ಇವೆ.

ಚಂದಾಪುರದಿಂದ ಒಳಕ್ಕೆ ಹೋದರೆ ನಮ್ಮ ಬೀದಿ. ಹಿಂದೆ ಅದೊಂದು ಹಳ್ಳಿ; ಈಗ ಹಳ್ಳಿಯ ಹೆಸರು ಬಸ್ಸಿನ ಬೋರ್ಡಿನಲ್ಲಿ ಮಾತ್ರ ಉಳಿದಿದೆ. ಓನರಮ್ಮನ ಮನೆಯ ಮುಂಭಾಗದಲ್ಲಿ ನನ್ನ ಹಿಟ್ಟಿನ ಮಿಲ್ಲು. ಮನೆಯ ಹಿಂದೆ ನೆಲ ಇಳಿಜಾರು. ಇಳಿಜಾರಿನ ಕೊನೆಯಲ್ಲಿ ರಾಜಕಾಲುವೆ, ಅಂದರೆ ಮೇಲಿನ ಕೆರೆ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಹರಿಯುವ ದೊಡ್ಡ ಮೋರಿ. ಮನೆಗೂ ಕಾಲುವೆಗೂ ನಡುವೆ ಉದ್ದಕ್ಕೆ ಒಂದು ಶೀಟಿನ ಸಾಲು. ಅದೇ ಕೊಟ್ಟಿಗೆ. ಒಂದು ಕಾಲಕ್ಕೆ ನಿಜವಾಗಿಯೂ ದನ ಕಟ್ಟುತ್ತಿದ್ದ ಕೊಟ್ಟಿಗೆಯೇ. ಮೇಯುವ ಜಾಗವೆಲ್ಲ ಫ್ಯಾಕ್ಟರಿಗೂ ಲೇಔಟಿಗೂ ಹೋದ ಮೇಲೆ ಓನರಮ್ಮ ದನ ಮಾರಿ, ನಡುನಡುವೆ ಹಾಲೋ ಬ್ಲಾಕಿನ ಗೋಡೆ ಎಬ್ಬಿಸಿ, ಒಂದೊಂದಕ್ಕೂ ಒಂದೊಂದು ಬಾಗಿಲಿಟ್ಟು ಬಾಡಿಗೆಗೆ ಕೊಟ್ಟರು. ಮೇವು ಹಾಕುತ್ತಿದ್ದ ಕಲ್ಲಿನ ಗೊಂತುಗಳನ್ನು ಕೀಳಿಸಲಿಲ್ಲ. ಬಾಡಿಗೆಯವರು ಅದರಲ್ಲೇ ಪಾತ್ರೆ ಜೋಡಿಸಿಕೊಳ್ಳುತ್ತಿದ್ದರು.

ಬಾಡಿಗೆಗೆ ಬಂದವರೆಲ್ಲ ಯಾದಗಿರಿ, ರಾಯಚೂರು, ಕೊಪ್ಪಳದ ಕಡೆಯವರು. ಗಂಡಸರು ಕಟ್ಟಡದ ಕೆಲಸಕ್ಕೆ, ಹೆಂಗಸರು ಗಾರ್ಮೆಂಟ್ಸಿಗೆ. ಓನರಮ್ಮನಿಗೆ ಅವರ ಹೆಸರುಗಳು ಬೇಕಿರಲಿಲ್ಲ, ಜಿಲ್ಲೆ ಸಾಕಾಗಿತ್ತು. ನನ್ನನ್ನು ಕರೆಯುತ್ತಿದ್ದದ್ದು ಮಿಲ್ಲಪ್ಪ ಅಂತ. ಮಾಗಡಿ ಸೀಮೆಯಿಂದ ಬಂದವನಿಗೆ ಅಷ್ಟಾದರೂ ಮರ್ಯಾದೆ ಸಿಕ್ಕಿತಲ್ಲ ಎಂದು ಸುಮ್ಮನಿದ್ದೆ.

ಮಿಲ್ಲಿನಲ್ಲಿ ಅವರದು ಒಂದು ಖಾಯಂ ಜಗಳ. ರಾಗಿ ಬೀಸಿದ ಕಲ್ಲಿಗೆ ಜೋಳ ಸುರಿದರೆ ಮೊದಲ ಹಿಡಿ ಹಿಟ್ಟು ಕಂದಾಗಿ ಬರುತ್ತದೆ. ಜೋಳದವರು ಅದಕ್ಕೆ ಮುಖ ಸಿಂಡರಿಸುತ್ತಾರೆ. ಕೊಟ್ಟಿಗೆಯ ಕೊನೆಯ ರೂಮಿನ ಭೀಮವ್ವ ಭಾನುವಾರ ಜೋಳ ತಂದರೆ, ಓನರಮ್ಮ ಬೇಕೆಂದೇ ಅವಳಿಗಿಂತ ಒಂದು ಹೆಜ್ಜೆ ಮುಂದೆ ರಾಗಿ ಡಬ್ಬ ಇಡುತ್ತಿದ್ದರು.

"ಯಾದಗಿರಿ, ನೀನು ರೊಟ್ಟಿ ಬಡಿಯೋ ಸದ್ದಿಗೆ ನನ್ನ ಗೋಡೆ ಬಿರುಕು ಬಿಟ್ಟದೆ ಕಣೇ."

"ನೀವು ಮುದ್ದಿ ನುಂಗೂದು ನೋಡಿದ್ರ ನಮಗ ಅಂಜಿಕಿ ಬರ್ತದ್ರೀ ಅಮ್ಮಾರ. ಹಲ್ಲಿಗೆ ಕೆಲಸಾನ ಇಲ್ಲ."

"ಅಲ್ಲೇ ಇಲ್ದೋಳಿಗೆ ಇನ್ಯಾವ ಕೆಲ್ಸ!" ಎಂದು ಬೊಚ್ಚುಬಾಯಿ ತೆರೆದು ತೋರಿಸಿ ತಾವೇ ನಗುತ್ತಿದ್ದರು.

ಭೀಮವ್ವನ ಸೆರಗು ಹಿಡಿದು ಅವಳ ಮಗಳು ನಿಂತಿರುತ್ತಿತ್ತು. ಆಗಷ್ಟೇ ಶಾಲೆಗೆ ಸೇರಿದ್ದ ಕೂಸು. ಓನರಮ್ಮನ ಬಾಯಲ್ಲಿ ಅದು "ಚಿಕ್ಕ ಯಾದಗಿರಿ". ಅಪ್ಪ, ಅಮ್ಮ, ಜೊತೆಗಿದ್ದ ಸೋದರಮಾವ ಮೂವರೂ ಕೆಲಸಕ್ಕೆ ಹೋದರೆ, ಶಾಲೆ ಬಿಟ್ಟ ಮೇಲೆ ಆ ಮಗು ಓನರಮ್ಮನ ಹಿಂದೆ ಮುಂದೆಯೇ. ಕೋಲನ್ನು ಕುದುರೆ ಮಾಡಿಕೊಂಡು ಓಡಿದರೂ ಅದಕ್ಕೆ ಬೈಗುಳವಿರಲಿಲ್ಲ. ಬೇರೆ ಯಾರಾದರೂ ಆ ಕೋಲು ಮುಟ್ಟಿದ್ದು ನಾನು ನೋಡಿಲ್ಲ.

ಇಂಥ ಓನರಮ್ಮನಿಗೆ ಒಂದು ಅಭ್ಯಾಸವಿತ್ತು. ಅವರೊಬ್ಬರದಲ್ಲ, ನಮ್ಮ ಬೀದಿಯ ಎಲ್ಲ ಮನೆ ಮಾಲೀಕರದೂ. ಸರ್ಕಾರದವರು ಯಾರೇ ಬರಲಿ, ತೆರಿಗೆ ಹಾಕಿಯಾರು, ಕಾಲುವೆ ಪಕ್ಕ ಎಂದು ಒಡೆದಾರು ಎಂಬ ಹೆದರಿಕೆಗೆ ಹಿತ್ತಲಿನ ರೂಮುಗಳನ್ನು ಕೊಟ್ಟಿಗೆ ಎನ್ನುವುದು. ಕಂದಾಯದವರು ಬಂದರೂ ಕೊಟ್ಟಿಗೆ, ಕರೆಂಟಿನವರು ಬಂದರೂ ಕೊಟ್ಟಿಗೆ. ಬರೀ ಬಾಯಿಮಾತಿಗೆ ನಂಬಬೇಕಲ್ಲ? ಅದಕ್ಕೊಂದು ಹಸು ಬೇಕು. ಬೀದಿಯಲ್ಲಿ ಉಳಿದಿದ್ದದ್ದೇ ಒಂದು ಹಸು, ಹಾಲಿನ ಮುನಿಯಪ್ಪನದು. ಜೀಪು ಬಂತು ಎಂದು ಸುದ್ದಿ ಸಿಕ್ಕರೆ ಸಾಕು, ಬಾಡಿಗೆಯವರೆಲ್ಲ ಬೀಗ ಹಾಕಿಕೊಂಡು ಕೆರೆ ಏರಿಯ ಕಡೆ ಹೋಗಬೇಕು. ಮುನಿಯಪ್ಪನ ಹಸು ಬಂದು ಬಾಗಿಲ ಮುಂದೆ ನಿಲ್ಲಬೇಕು. ಅಧಿಕಾರಿಗಳು ಒಂದು ಹಿತ್ತಲು ಮುಗಿಸಿ ಮುಂದಿನ ಮನೆಯಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಅದೇ ಹಸು ಸಂದಿಯಿಂದ ನುಸುಳಿ ಆ ಮನೆಯ ಹಿತ್ತಲಿಗೂ ಹಾಜರಾಗಿರುತ್ತಿತ್ತು.

"ಆ ಅಸೂಗೆ ಪೆನ್ಸನ್ ಕೊಡ್ಬೇಕು ಕಣೋ ಮುನಿಯಪ್ಪ," ಎಂದು ಓನರಮ್ಮ ಹೇಳುತ್ತಿದ್ದರು. "ನಿನಗಿಂತ ಎಚ್ಚು ಸರ್ಕಾರಿ ಕೆಲ್ಸ ಮಾಡ್ತದೆ."

ನಾವೆಲ್ಲ ನಗುತ್ತಿದ್ದೆವು. ಬೀಗ ಹಾಕಿಕೊಂಡು ಏರಿಯ ಮೇಲೆ ಕೂತು ಬಂದವರೂ ನಗುತ್ತಿದ್ದರು.

ಹೀಗಿರುವಾಗ ನಮ್ಮ ಊರನ್ನು ನಗರಕ್ಕೆ ಸೇರಿಸುತ್ತಾರೆ, ಗಡಿ ಎಲ್ಲಿ ಹಾಕಬೇಕು ಎಂದು ಜನರನ್ನೇ ಕೇಳುತ್ತಾರೆ ಎಂದು ಸುದ್ದಿಯಾಯಿತು. ಒಂದು ದಿನ ಅರಳಿಕಟ್ಟೆಯ ಪಕ್ಕ ಶಾಮಿಯಾನ ಹಾಕಿ ಮೇಜು ಇಟ್ಟರು. ಮನೆ ಮಾಲೀಕರೆಲ್ಲ ಇಸ್ತ್ರಿ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತರು. ಅಧಿಕಾರಿ ಒಳ್ಳೆಯವರೇ, ಸಮಾಧಾನದ ಮನುಷ್ಯ. ನಕ್ಷೆ ಹರಡಿ, "ಕಾಲುವೆಯವರೆಗೂ ನಿಮ್ಮ ಊರೇ ಅಂತೀರಾ, ಅಥವಾ ಮನೆಗಳು ಮುಗಿಯೋ ಕಡೆಗೆ ಗೆರೆ ನಿಲ್ಲಿಸೋಣವಾ? ಕಾಲುವೆ ಪಕ್ಕ ಜನ ವಾಸ ಇದ್ದಾರಾ?" ಎಂದು ಕೇಳಿದರು.

ಯಾರೂ ಇಲ್ಲ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಅಧಿಕಾರಿ ನೋಡಿಯೇ ಹೋಗೋಣ ಎಂದು ಹಿತ್ತಲುಗಳಿಗೂ ಬಂದರು. ಓನರಮ್ಮನ ಹಿತ್ತಲಲ್ಲಿ ಹಸು ನಿಂತಿತ್ತು. ಹಿಂದೆ ಸಾಲಾಗಿ ಬೀಗ ಬಿದ್ದ ಬಾಗಿಲುಗಳು.

"ಇದೇನಮ್ಮ?"

"ದನದ ಕೊಟ್ಟಿಗೆ ಸ್ವಾಮಿ."

"ಇಷ್ಟೊಂದು ಬಾಗಿಲು?"

"ಒಂದರಲ್ಲಿ ಉಲ್ಲು, ಒಂದರಲ್ಲಿ ಇಂಡಿ, ಬೂಸ. ಇಲಿ ಕಾಟ ನೋಡಿ, ಅದ್ಕೇ ಬೀಗ."

ಅಧಿಕಾರಿ ನಕ್ಕು ಹೊರಟುಹೋದರು. ಆಮೇಲೆ ಗಡಿ ಪ್ರಕಟವಾದಾಗ ಗೆರೆ ಓನರಮ್ಮನ ಮನೆಯ ಹಿಂಗೋಡೆಗೆ ಬಂದು ನಿಂತಿತ್ತು. ಮನೆ ನಗರಕ್ಕೆ, ಕೊಟ್ಟಿಗೆ ಆಚೆಯ ಪಂಚಾಯ್ತಿಗೆ. ಬೀದಿಯ ಇತರ ಹಿತ್ತಲುಗಳಿಗೂ ಅದೇ ಗತಿ. ಅಂದು ಯಾರಿಗೂ ಅದು ಗತಿ ಅನ್ನಿಸಲಿಲ್ಲ, ಗೆಲುವು ಅನ್ನಿಸಿತು. ಓನರಮ್ಮನ ಮಗ ಮಂಜಣ್ಣ, ಫ್ಯಾಕ್ಟರಿಯ ಶಿಫ್ಟಿನವರಿಗೆ ಮಿನಿ ಬಸ್ಸು ಓಡಿಸುವವನು, ಮಿಲ್ಲಿಗೆ ಬಂದು ಜಿಲೇಬಿ ಕೊಟ್ಟ. "ರೂಮಿನ ತಂಟೆಗೆ ಇನ್ಯಾರೂ ಬರಲ್ಲ ಗುರು" ಅಂದ.

ನಿಜ, ಯಾರೂ ಬರಲಿಲ್ಲ. ನಗರದವರು ರಾಜಕಾಲುವೆಯ ಹೂಳೆತ್ತಿ, ಎರಡೂ ಬದಿಗೆ ಕಲ್ಲಿನ ಗೋಡೆ ಕಟ್ಟುತ್ತ ಕೆರೆಯ ಕಡೆಯಿಂದ ಇಳಿದು ಬಂದರು. ಓನರಮ್ಮನ ಹಿತ್ತಲಿಗಿಂತ ಸ್ವಲ್ಪ ಮೇಲೆ, ಗೆರೆ ಕಾಲುವೆ ಬಿಟ್ಟು ಮನೆಗಳ ಕಡೆ ತಿರುಗುವಲ್ಲಿ ನಿಲ್ಲಿಸಿದರು. ಎತ್ತಿದ ಹೂಳೂ ಕಸವೂ ಅಲ್ಲೇ ಗುಡ್ಡೆಯಾಯಿತು. ಆಚೆ ಪಂಚಾಯ್ತಿಯವರಿಗೆ ಕಾಲುವೆಯ ಈ ದಡದಲ್ಲಿ ಯಾರೂ ಇಲ್ಲವೆಂದು ಗೊತ್ತಿತ್ತು, ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಮೇಲಿನಿಂದ ಗೋಡೆಗಳ ನಡುವೆ ಜೋರಾಗಿ ನುಗ್ಗಿ ಬರುವ ನೀರಿಗೆ ಗೋಡೆ ಮುಗಿದ ಕೂಡಲೇ ಸಿಗುವುದು ಹೂಳಿನ ಗುಡ್ಡೆ. ಗುಡ್ಡೆಗೆ ಬಡಿದು ತಿರುಗಿದರೆ ಎದುರಿಗೇ ಕೊಟ್ಟಿಗೆ.

ಆ ಮಳೆಗಾಲದ ಒಂದು ಮಧ್ಯಾಹ್ನ. ಭೀಮವ್ವನ ಮಗಳಿಗೆ ಜ್ವರ, ಶಾಲೆಗೆ ಹೋಗಿರಲಿಲ್ಲ. ಗಾರ್ಮೆಂಟ್ಸಿನಲ್ಲಿ ರಜೆ ಕೊಟ್ಟಿರಲಿಲ್ಲವೆಂದು ಭೀಮವ್ವ ಮಗುವನ್ನು ಓನರಮ್ಮನಿಗೆ ಒಪ್ಪಿಸಿ ಹೋಗಿದ್ದಳು. ಓನರಮ್ಮ ತಿಳಿಸಾರಿನಲ್ಲಿ ಅನ್ನ ಕಲಸಿ ಉಣ್ಣಿಸಿದರು. ತಮ್ಮ ಮನೆಗೆ ಬಾ ಅಂದರೆ ಮಗು ಒಪ್ಪಲಿಲ್ಲವಂತೆ, ಅಮ್ಮನ ಕೌದಿ ಹೊದ್ದೇ ಮಲಗಬೇಕು ಅಂದಿತಂತೆ. ಅದರ ರೂಮಿನಲ್ಲೇ ಮಲಗಿಸಿ, ನಿದ್ದೆ ಹತ್ತಿದ ಮೇಲೆ ಮನೆಗೆ ಬಂದು ಇವರೂ ಮಲಗಿದರು.

ಮಳೆ ಬಂದದ್ದು ನಮ್ಮ ಕಡೆ ಅಲ್ಲ, ಮೇಲೆ, ಕೆರೆಯ ಕಡೆ. ನಮ್ಮ ಬೀದಿಯಲ್ಲಿ ಬರೀ ತುಂತುರು. ಕರೆಂಟು ಹೋಗಿ ಮಿಲ್ಲು ನಿಂತಾಗಲೇ ನನಗೆ ಹಿಂದಿನ ಮೊರೆತ ಕೇಳಿಸಿದ್ದು. ಹಿತ್ತಲಿಗೆ ಓಡಿದರೆ ಇಳಿಜಾರೇ ಕಾಣುತ್ತಿರಲಿಲ್ಲ, ಬರೀ ಕೆಂಪು ನೀರು. ಓನರಮ್ಮ ನನಗಿಂತ ಮೊದಲೇ ಸೊಂಟದ ಮಟ್ಟದ ನೀರಿನಲ್ಲಿ ಕೋಲೂರಿ ನಿಂತಿದ್ದರು. "ಚಿಕ್ಕ ಯಾದಗಿರೀ, ಚಿಕ್ಕ ಯಾದಗಿರೀ" ಎಂದು ಕೂಗುತ್ತಿದ್ದರು. ಕೊನೆಯ ರೂಮಿನ ಹಿಂಗೋಡೆ ಒಳಕ್ಕೆ ಬಿದ್ದಿತ್ತು.

ನಾನು ಫೋನ್ ಮಾಡಿದೆ. ನಗರದ ಕಡೆಯವರು ಜಾಗ ಎಲ್ಲಿ ಎಂದು ಕೇಳಿ, "ಅದು ನಮ್ಮ ಗಡಿಗೆ ಬರಲ್ಲ ಸಾರ್, ಪಂಚಾಯ್ತಿಯವರಿಗೆ ಹೇಳಿ" ಅಂದರು. ಪಂಚಾಯ್ತಿಗೆ ಹೇಳಿದರೆ, "ಆ ದಡದಲ್ಲಿ ಮನೆಗಳೇ ಇಲ್ವಲ್ಲ?" ಅಂದರು. ಅಷ್ಟರಲ್ಲಿ ಶಿಫ್ಟು ಮುಗಿಸಿ ಬಂದ ಹುಡುಗರೂ ನಾನೂ ಸೇರಿ ಕೈಯಲ್ಲೇ ಬ್ಲಾಕುಗಳನ್ನು ತೆಗೆದೆವು. ಮಗು ಕೌದಿಯಲ್ಲೇ ಇತ್ತು.

ಅದನ್ನು ಜಗಲಿಗೆ ತಂದು ಮಲಗಿಸಿದಾಗ ಓನರಮ್ಮ ಒದ್ದೆ ಸೀರೆಯಲ್ಲೇ ಪಕ್ಕದಲ್ಲಿ ಕೂತರು. ಸೆರಗಿನಿಂದ ಅದರ ಮುಖದ ಮಣ್ಣು ಒರೆಸಿದರು. ಭೀಮವ್ವ ಫ್ಯಾಕ್ಟರಿಯಿಂದ ಓಡಿ ಬಂದು ಮಗಳ ಮೇಲೆ ಬಿದ್ದು ಹೆಸರು ಹಿಡಿದು ಕೂಗಿ ಅತ್ತಳು. "ರೇಣುಕಾ, ಏಳವ್ವಾ ರೇಣುಕಾ." ಓನರಮ್ಮ ನನ್ನ ಕಡೆ ತಿರುಗಿದರು.

"ರೇಣುಕನಾ ಇದರ ಎಸ್ರು?"

"ಹೌದಮ್ಮ."

"ನಾನು ಬೇರೆ ಏನೋ ಕೂಗ್ತಿದ್ನಲ್ಲೋ ಮಿಲ್ಲಪ್ಪ," ಅಂದರು. "ಅದ್ಕೆಂಗೆ ಕೇಳಿಸ್ತದೆ?"

ಅವತ್ತಿನಿಂದ ಜಿಲ್ಲೆಗಳು ನಿಂತುಹೋದವು. ಬೆಳಿಗ್ಗೆ ಕೋಲು ತಟ್ಟುವುದು ನಿಲ್ಲಲಿಲ್ಲ, ಆದರೆ ಒಂದೊಂದು ಬಾಗಿಲಿನಲ್ಲೂ ಹೆಸರು ಕೇಳಿದರು, ತಪ್ಪಿ ತಪ್ಪಿ ಹೇಳಿ ತಿದ್ದಿಸಿಕೊಂಡು ಕಲಿತರು. ಹನುಮಂತ, ಶರಣಪ್ಪ, ಹುಲಿಗೆಮ್ಮ. ಬೈಗುಳ ಪೂರ್ತಿ ಬಿಟ್ಟರು. ಬಾಡಿಗೆಯವರಿಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಅಮ್ಮಾರು ಬೈಯಂಗ ಮಾಡ್ರೀ ಅಣ್ಣಾರ" ಎಂದು ಒಬ್ಬ ನನ್ನ ಬಳಿ ಬಂದು ಬೇಡಿಕೊಂಡ.

ಭೀಮವ್ವನ ಮನೆಯವರು ಊರಿಗೆ ಹೋಗಿ ಕೆಲವು ದಿನವಿದ್ದು ವಾಪಸ್ಸು ಬಂದರು. ಅಲ್ಲಿ ಕೆಲಸವಿರಲಿಲ್ಲ. ಪಕ್ಕದ ರೂಮಿಗೆ ಸಾಮಾನು ಹಾಕಿಕೊಂಡರು. ಬಿದ್ದ ಗೋಡೆಯನ್ನು ಓನರಮ್ಮ ಮತ್ತೆ ಎಬ್ಬಿಸಿದರು, ಎಲ್ಲ ಬಾಗಿಲುಗಳಿಗೂ ನೀರು ತಡೆಯಲು ಅಡ್ಡಹಲಗೆ ಹಾಕಿಸಿದರು. ಆದರೆ ಹಲಗೆ ಹಿಡಿದು ಕಾಲುವೆಯನ್ನು ತಡೆಯಲಾದೀತೇ? ಬೇಕಾದದ್ದು ಕಲ್ಲಿನ ಗೋಡೆ. ಗೋಡೆ ಬರಬೇಕಾದರೆ ಗೆರೆ ಕಾಲುವೆಯವರೆಗೆ ಸರಿಯಬೇಕು.

ಒಂದು ದಿನ ನನ್ನನ್ನು ಕರೆದುಕೊಂಡು ನಗರದವರ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿಯ ಬಾಗಿಲಲ್ಲಿ ಬಹಳ ಕಾದ ಮೇಲೆ ಒಳಗೆ ಬಿಟ್ಟರು.

"ನಮ್ಮ ಕೊಟ್ಟಿಗೇನೂ ಊರೊಳಗೆ ಸೇರಿಸ್ಕೊಳ್ಳಿ ಸ್ವಾಮಿ."

"ಜನರನ್ನ ಕೇಳೇ ತಾನೇ ಗಡಿ ಹಾಕಿದ್ದು? ಅಲ್ಲಿ ಯಾರೂ ವಾಸ ಇಲ್ಲ ಅಂತಿದೆ."

"ಇದಾರೆ. ಅವಾಗ್ಲೂ ಇದ್ರು."

"ಮತ್ತೆ ಇಲ್ಲ ಅಂತ ಹೇಳಿದವರು ಯಾರು?"

"ನಾನೇ."

ಆ ಕಚೇರಿಯಲ್ಲಿ ಅಂಥ ಉತ್ತರವನ್ನು ಹಿಂದೆ ಯಾರೂ ಕೇಳಿರಲಿಕ್ಕಿಲ್ಲ. ಆತ ಕನ್ನಡಕ ತೆಗೆದು ಅವರನ್ನು ನೋಡಿದ. "ಮುಂದೆ ಗಡಿ ಮರುಪರಿಶೀಲನೆ ಬರುತ್ತೆ, ಆಗ ಮತ್ತೆ ಕೇಳ್ತಾರೆ, ಆಗ ಹೇಳಿ ಅಜ್ಜಿ" ಅಂದ. ಒಳ್ಳೆಯ ದನಿಯಲ್ಲೇ ಹೇಳಿದ. ಬಸ್ಸಿನಲ್ಲಿ ಬರುವಾಗ ಓನರಮ್ಮ ದಾರಿಯುದ್ದಕ್ಕೂ ಕಿಟಕಿಯ ಕಡೆ ತಿರುಗಿಕೊಂಡಿದ್ದರು. ಇಳಿಯುವಾಗ ಮಾತ್ರ ಒಂದು ಮಾತು. "ಇಲ್ಲ ಅನ್ನೋಕೆ ಒಂದು ಗಳಿಗೆ ಸಾಕಾಯ್ತು. ಇದೆ ಅನ್ನೋಕೆ ಇನ್ನೂ ಎಷ್ಟು ದಿನ ಕಾಯ್ಬೇಕೋ."

ಅವರು ಕಚೇರಿಗೆ ಹೋಗಿದ್ದು ಬೀದಿಗೆ ಗೊತ್ತಾಯಿತು. ಮಾಲೀಕರೆಲ್ಲ ಸಂಜೆ ಮಿಲ್ಲಿನ ಮುಂದೆ ಸೇರಿದರು. ಮಾತು ಮಂಜಣ್ಣನಿಗೆ, ಆದರೆ ಒಳಗಿದ್ದ ಓನರಮ್ಮನಿಗೆ ಕೇಳಿಸುವಂತೆ.

"ನಿಮ್ಮವ್ವ ತನ್ನ ರೂಮು ತೋರಿಸಿದ್ರೆ ನಮ್ಮದೂ ಹಲ್ಲು ಕಿರ್ಕೊಂಡು ಕಾಣ್ತವಲ್ಲಯ್ಯ. ಕಾಲುವೆ ಪಕ್ಕ ಅಂತ ಒಡೆದಾಕಿಬಿಟ್ರೆ? ನಾವೇನು ಮಣ್ಣು ತಿನ್ನಣಾ?"

ಓನರಮ್ಮ ಹೊರಗೆ ಬಂದು ಜಗಲಿಯ ಮೇಲೆ ನಿಂತರು. "ಒಡೆದ್ರೆ ಒಡೀಲಿ, ಕಟ್ಟಿದ್ರೆ ಕಟ್ಲಿ. ಒಡಿಯೋಕೆ ಬಂದೋರಾದ್ರೂ ಒಳಗೆ ಯಾರಿದೀರ ಅಂತ ಒಂದು ಕೂಗು ಕೂಗ್ತಾರೆ. ನೀರು ಕೂಗ್ತದಾ?"

ಅವತ್ತಿನಿಂದ ಬೀದಿಯವರು ಅವರ ಮನೆಗೆ ಬರುವುದು ಬಿಟ್ಟರು. ಮುನಿಯಪ್ಪ ಹಾಲನ್ನು ಗೇಟಿನ ಮೇಲಿಟ್ಟು ಹೋಗುತ್ತಿದ್ದ.

ಅದಾದ ಕೆಲವು ದಿನಕ್ಕೆ ಓನರಮ್ಮ ತಮ್ಮ ಹಾಸಿಗೆ, ಒಂದು ಟ್ರಂಕು, ರಾಗಿ ಡಬ್ಬ ಎತ್ತಿಕೊಂಡು ಕೊಟ್ಟಿಗೆಗೆ ಹೋಗಿಬಿಟ್ಟರು. ಮಗು ತೀರಿಕೊಂಡಿದ್ದ ಆ ಕೊನೆಯ ರೂಮಿಗೇ. ಅದನ್ನು ಯಾರಿಗೂ ಬಾಡಿಗೆಗೆ ಕೊಟ್ಟಿರಲಿಲ್ಲ. ಮಂಜಣ್ಣ ಹಿತ್ತಲಲ್ಲಿ ನಿಂತು ಕೂಗಾಡಿದ, ಕೊನೆಗೆ ಅತ್ತೇಬಿಟ್ಟ.

"ಊರ್ನೋರು ಏನಂತಾರವ್ವ? ಮಾರ್ಬಲ್ ಹಾಕ್ಸಿರೋ ಮನೆ ಇಟ್ಕೊಂಡು ಹೆತ್ತವ್ವನ್ನ ಕೊಟ್ಟಿಗೇಗೆ ತಳ್ಳವ್ನೆ ಅನ್ನಲ್ವಾ?"

"ಅನ್ಲಿ ಬುಡು. ಇಲ್ಲೊಂದು ಜೀವ ಇದೆ ಅಂತ ಅಂಗಾದ್ರೂ ಬಾಯಿಗೆ ಬತ್ತದಲ್ಲ."

ಅವರ ಲೆಕ್ಕಾಚಾರ ಸರಳ. ಬಾಡಿಗೆಯವರ ವೋಟು, ಕಾರ್ಡು ಎಲ್ಲ ಅವರವರ ಊರಿನಲ್ಲಿ. ಕೇಳಲು ಬಂದವರು "ನೀನ್ಯಾರು?" ಎಂದರೆ ಅವರು ಬಾಯಿ ಬಿಡುವುದಿಲ್ಲ. ತಾನಾದರೆ ಈ ಮಣ್ಣಿನವಳು, ತನ್ನನ್ನು ಯಾರೂ ಇಲ್ಲ ಅನ್ನಲಾರರು. ಮರುಪರಿಶೀಲನೆಗೆ ಬರುವವರೆಗೆ ಅಲ್ಲಿರಬೇಕು, ಬಂದಾಗ ಬಾಗಿಲಲ್ಲಿ ಕೂತಿರಬೇಕು. ಅಷ್ಟೇ.

ಮೋಡ ಮುಸುಕಿದರೆ ಸಾಕು, ಕೋಲು ಹಿಡಿದು ಕಾಲುವೆಯ ಅಂಚಿಗೆ ಹೋಗಿ ನಿಲ್ಲುತ್ತಿದ್ದರು. ಸಂಜೆಗಳಲ್ಲಿ ನಾನು ಮಿಲ್ಲು ಮುಚ್ಚಿ ಹೋದರೆ ಒಂದು ಲೋಟ ಕಾಫಿ. ಗೊಂತಿನಲ್ಲಿ ಆ ಮಗುವಿನ ಸ್ಲೇಟು ಹಾಗೇ ಇತ್ತು, ಅದರ ಪಕ್ಕದಲ್ಲೇ ಇವರ ಲೋಟ ತಟ್ಟೆ. ಭೀಮವ್ವ ಕೆಲಸದಿಂದ ಬಂದು ಎರಡು ರೊಟ್ಟಿ ಬಡಿದು, ಹಾಲಿನಲ್ಲಿ ನೆನೆಸಿ ತಂದು ಕೊಡುತ್ತಿದ್ದಳು. ಅವರಿಬ್ಬರೂ ಆ ದಿನದ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಒಮ್ಮೆ ಮಾತ್ರ ಓನರಮ್ಮ, "ನನ್ನ ಮ್ಯಾಲೆ ಕ್ವಾಪ ಇಲ್ವೇನೇ ಭೀಮವ್ವ?" ಎಂದು ಕೇಳಿದರು.

ಭೀಮವ್ವ ರೊಟ್ಟಿಯನ್ನು ಇನ್ನಷ್ಟು ಸಣ್ಣ ಚೂರು ಮಾಡಿದಳು. "ಅದ ರೀ ಅಮ್ಮಾರ," ಅಂದಳು. "ಉಣ್ರಿ."

ಓನರಮ್ಮ ಉಂಡರು.

ಎರಡು ಮಳೆಗಾಲ ಹಾಗೇ ಕಳೆದವು. ನೀರು ಹಲಗೆಯವರೆಗೆ ಬಂದು ಬಂದು ಹೋಯಿತು. ಈ ಸಲದ ಬೇಸಿಗೆಗೆ ಓನರಮ್ಮ ಉಬ್ಬಸ ಹೆಚ್ಚಿ ಹಾಸಿಗೆ ಹಿಡಿದರು. ಕೊನೆಗಾಲಕ್ಕೆ ದೊಡ್ಡ ಮನೆಗೆ ಎತ್ತಿಕೊಂಡು ಹೋಗಬೇಕು, ನಡುಮನೆಯಲ್ಲಿ ಮಲಗಿಸಬೇಕು ಎಂದು ನೆಂಟರೆಲ್ಲ ಬಂದು ಹೇಳಿದರು. ಓನರಮ್ಮ ಗೊಂತಿನ ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನನ್ನ ಎತ್ತಬ್ಯಾಡ್ರಪ್ಪ. ಇನ್ನೂ ಅವರು ಬಂದಿಲ್ಲ."

ಯಾರು ಎಂದು ನೆಂಟರಿಗೆ ಅರ್ಥವಾಗಲಿಲ್ಲ, ಯಮನ ಕಡೆಯವರ ವಿಷಯ ಇರಬೇಕು ಎಂದುಕೊಂಡರು. ನನಗೆ ಗೊತ್ತಿತ್ತು. ಮಂಜಣ್ಣನಿಗೂ ಗೊತ್ತಿತ್ತು. ಅವನು ಮುಖ ತಿರುಗಿಸಿದ. ಓನರಮ್ಮ ಹೋದದ್ದು ಅಲ್ಲೇ, ಬಿಸಿಲೇರುವ ಹೊತ್ತಿಗೆ, ಭೀಮವ್ವ ಬಾಯಿಗೆ ನೀರು ಬಿಡುತ್ತಿದ್ದಾಗ.

ನಮ್ಮ ಕಡೆ ಜೀವ ಹೋದ ಜಾಗದಲ್ಲಿ ದೀಪ ಇಡುತ್ತಾರೆ. ತಿಥಿ ಮುಗಿಯುವವರೆಗೆ ಅದು ಆರಬಾರದು, ಬಾಗಿಲು ಹಾಕಬಾರದು. ಬೇರೆ ಕಡೆ ಇಟ್ಟರೆ ಹೋದವರಿಗೆ ದಾರಿ ತಪ್ಪುತ್ತದೆ ಅನ್ನುತ್ತಾರೆ. ಹಾಗಾಗಿ ಕೊಟ್ಟಿಗೆಯ ಆ ರೂಮಿನಲ್ಲೇ ದೀಪ ಇಟ್ಟರು. ಎಣ್ಣೆ ನೋಡಿಕೊಳ್ಳಲು ಭೀಮವ್ವ ಫ್ಯಾಕ್ಟರಿಗೆ ರಜೆ ಹಾಕಿ ಕೂತಳು. ಮಗಳಿಗೆ ಜ್ವರ ಬಂದ ದಿನ ಕೊಡದಿದ್ದ ರಜೆಯನ್ನು ಈ ಸಲ ಕೇಳದೆಯೇ ತೆಗೆದುಕೊಂಡಿದ್ದಳು.

ತಿಥಿ ಇನ್ನೂ ಮುಗಿದಿರಲಿಲ್ಲ. ಗಡಿ ಮರುಪರಿಶೀಲನೆಯವರು ಬಂದೇಬಿಟ್ಟರು.

ಬೀದಿಯ ಮಾಲೀಕರು ಹಿಂದಿನ ದಿನವೇ ಮಂಜಣ್ಣನ ಬಳಿ ಬಂದು ಹೋಗಿದ್ದರು. "ನಿಮ್ಮವ್ವನ ಕಾಲ ಮುಗೀತು ಕಣಪ್ಪ, ಇನ್ನು ನೀನು ನಮ್ಮ ಜೊತೆ ಬಾಳ್ಬೇಕು" ಎಂದು ಅವರು ಹೇಳಿದ್ದನ್ನು ಮಿಲ್ಲಿನೊಳಗಿಂದ ಕೇಳಿಸಿಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಕೊಟ್ಟಿಗೆಯ ಬಾಗಿಲುಗಳಿಗೆಲ್ಲ ಬೀಗ. ಬಾಡಿಗೆಯವರನ್ನು ಏರಿಯ ಕಡೆ ಕಳಿಸಿಯಾಗಿತ್ತು. ಮುನಿಯಪ್ಪನ ಹಸು ಬಂದು ನಿಂತಿತ್ತು. ಬೋಳಿಸಿದ ತಲೆಯ ಮಂಜಣ್ಣ ಅದರ ಹಗ್ಗವನ್ನು ತಾನೇ ಗೂಟಕ್ಕೆ ಕಟ್ಟಿದ. ನನ್ನ ಕಡೆ ನೋಡಲಿಲ್ಲ. ಕೊನೆಯ ಬಾಗಿಲನ್ನು ಮಾತ್ರ ಅವನಿಂದ ಮುಚ್ಚಲಾಗಲಿಲ್ಲ.

ಈ ಸಲ ಬಂದ ಅಧಿಕಾರಿ ಒಬ್ಬ ಹೆಣ್ಣುಮಗಳು. ಜೊತೆಗೆ ಇಬ್ಬರು ಸಿಬ್ಬಂದಿ, ಅವರ ಹಿಂದೆ ಬೀದಿಯ ಮಾಲೀಕರ ಗುಂಪು. ಆಕೆ ಕಾಲುವೆ ನೋಡಿದರು, ಹೂಳಿನ ಗುಡ್ಡೆ ನೋಡಿದರು, ಹಸು ನೋಡಿದರು.

"ಇದೇನು?"

"ಕೊಟ್ಟಿಗೆ ಮೇಡಂ," ಅಂದ ಮಂಜಣ್ಣ. ದನಿ ಒಣಗಿತ್ತು.

"ಇಲ್ಲಿ ಯಾರಾದರೂ ವಾಸ ಇದ್ದಾರಾ?"

"ಯಾರೂ ಇಲ್ಲ ಮೇಡಂ," ಎಂದು ಉತ್ತರ ಬಂದದ್ದು ಹಿಂದಿನ ಗುಂಪಿನಿಂದ.

ಆಕೆ ಹೊರಡಲು ತಿರುಗಿದರು. ತಿರುಗುವಾಗ ಹಸುವಿನ ಬೆನ್ನಿನಾಚೆ ಕೊನೆಯ ಬಾಗಿಲು ಕಂಡಿರಬೇಕು. ನಿಂತರು.

"ಕೊಟ್ಟಿಗೇಲಿ ದೀಪ ಉರೀತಿದೆಯಲ್ಲ?"

ಗುಂಪಿನಲ್ಲಿ ಒಬ್ಬರು, "ಅದು ಪೂಜೆ ಮೇಡಂ, ದನಕ್ಕೆ" ಅಂದರು. ಮಂಜಣ್ಣ ಸರಕ್ಕನೆ ತಿರುಗಿ ಆ ಮನುಷ್ಯನನ್ನು ನೋಡಿದ. ಅವನ ತಾಯಿಯ ಹೆಣಕ್ಕೆ ಹೆಗಲು ಕೊಡಲು ಬೀದಿಯ ಮಾಲೀಕರು ಯಾರೂ ಬಂದಿರಲಿಲ್ಲ. ಅದು ಅವನಿಗೆ ನೆನಪಾಯಿತೋ, ಆ ಮಾತೇ ಚುಚ್ಚಿತೋ ನನಗೆ ಗೊತ್ತಿಲ್ಲ. ಅವನು ಬಗ್ಗಿ ಗೂಟದಿಂದ ಹಗ್ಗ ಬಿಚ್ಚಿದ. ಹಸುವಿನ ಬೆನ್ನ ಮೇಲೆ ಅಂಗೈಯಿಂದ ಒಂದು ಏಟು ಹಾಕಿದ. ವರ್ಷಗಟ್ಟಲೆ ಹಿತ್ತಲಿಂದ ಹಿತ್ತಲಿಗೆ ಓಡಾಡಿ ರೂಢಿಯಾಗಿದ್ದ ಹಸು ತಾನಾಗಿಯೇ ಮುಂದಿನ ಮನೆಯ ಸಂದಿಯ ಕಡೆ ನಡೆಯಿತು.

"ಅದು ನಮ್ಮವ್ವ ಇದ್ದ ಮನೆ ಮೇಡಂ," ಅಂದ. "ಅಲ್ಲೇ ತೀರ್ಕೊಂಡ್ರು."

ಆಕೆ ಚಪ್ಪಲಿ ಬಿಟ್ಟು, ಹಲಗೆ ದಾಟಿ ಬಾಗಿಲಿಗೆ ಹೋದರು. ನಾವೂ ಹೋದೆವು. ದೀಪದ ಪಕ್ಕ ಭೀಮವ್ವ ಎಣ್ಣೆ ಗಿಂಡಿ ಹಿಡಿದು ಕೂತಿದ್ದಳು. ಇಷ್ಟು ಜನರನ್ನು ಕಂಡು ಎದ್ದು ನಿಂತಳು. ತಾನು ಅಲ್ಲಿರಬಾರದಿತ್ತೇನೋ ಎಂಬಂತೆ ಮಂಜಣ್ಣನ ಮುಖ ನೋಡಿದಳು.

"ನೀವು ಯಾರಮ್ಮ?"

ಭೀಮವ್ವ ಮತ್ತೆ ಮಂಜಣ್ಣನನ್ನೇ ನೋಡಿದಳು.

"ಹೇಳು ಭೀಮವ್ವ," ಅಂದ ಅವನು.

"ಬಾಜೂ ಖೋಲ್ಯಾಗ ಇರ್ತೀವ್ರೀ."

"ಎಷ್ಟು ಜನ?"

"ನಾಕ ಮಂದಿ ಬಂದಿದ್ವಿ," ಅಂದಳು. ಬಗ್ಗಿ ದೀಪಕ್ಕೆ ಎಣ್ಣೆ ಬಿಟ್ಟಳು, ಬತ್ತಿ ಮುಂದಕ್ಕೆ ತಳ್ಳಿದಳು. "ಈಗ ಮೂರು ಮಂದಿ ಅದೀವಿ."

ಆಕೆ ಬರೆದುಕೊಂಡರು. ಇನ್ನೊಬ್ಬರು ಯಾರು, ಏನಾಯಿತು ಎಂದು ಕೇಳಲಿಲ್ಲ. ಬೇರೆ ರೂಮುಗಳಲ್ಲಿ ಯಾರು ಯಾರು ಎಂದು ಮಂಜಣ್ಣನನ್ನು ಕೇಳಿದರು. ಅವನಿಗೆ ಒಂದು ಹೆಸರೂ ಬರಲಿಲ್ಲ. ಭೀಮವ್ವ ಬಾಗಿಲುಗಳ ಕಡೆ ಕೈ ತೋರಿಸುತ್ತ ಒಂದೊಂದಾಗಿ ಹೇಳಿದಳು. ಹನುಮಂತ, ಶರಣಪ್ಪ, ಹುಲಿಗೆಮ್ಮ. ಓನರಮ್ಮ ಕಲಿತಿದ್ದ ಸರದಿಯಲ್ಲೇ.

ಹೊಸ ಗಡಿ ಇನ್ನೂ ಪ್ರಕಟವಾಗಿಲ್ಲ. ಗೆರೆ ಕಾಲುವೆಯವರೆಗೆ ಹೋಗುತ್ತದೋ, ಹೋದರೆ ಗೋಡೆ ಬರುತ್ತದೋ, ಒಡೆಯುವ ನೋಟಿಸು ಬರುತ್ತದೋ, ಯಾರಿಗೂ ಗೊತ್ತಿಲ್ಲ. ಈಗ ಬೀದಿಯವರು ಮಂಜಣ್ಣನನ್ನೂ ಮಾತಾಡಿಸುವುದಿಲ್ಲ. ಹೋದ ಭಾನುವಾರ ಭೀಮವ್ವ ಜೋಳ ತಂದಿದ್ದಳು. ಮುಂದೆ ರಾಗಿ ಡಬ್ಬ ಇರಲಿಲ್ಲ, ಹಿಟ್ಟು ಮೊದಲ ಹಿಡಿಯಿಂದಲೇ ಬೆಳ್ಳಗೆ ಬಂತು. ಅವಳು ಅದನ್ನು ಬೆರಳಲ್ಲಿ ಮುಟ್ಟಿ ನೋಡುತ್ತ ನಿಂತಳು. ಕೆರೆಯ ಕಡೆ ಮೋಡ ಕಟ್ಟಿತ್ತು.

"ಏನರ ಗೊತ್ತಾತೇನ್ರೀ ಅಣ್ಣಾರ?" ಎಂದು ಕೇಳಿದಳು.

"ಇಲ್ಲ ಕಣವ್ವ."

ಅವಳು ಚೀಲ ಹೊತ್ತುಕೊಂಡು ಹಿತ್ತಲಿಗೆ ಹೋದಳು. ಹಲಗೆಗಳನ್ನು ಬಾಗಿಲಿಗೆ ಕೂರಿಸುವ ಸದ್ದು ಒಂದೊಂದಾಗಿ ಕೇಳಿಸಿತು. ನಾನು ಮಿಲ್ಲು ನಿಲ್ಲಿಸಿ ಹೋಗಿ ನೋಡಿದೆ. ಮಂಜಣ್ಣ ಅವ್ವನ ಕೋಲು ಹಿಡಿದು ಕಾಲುವೆಯ ಅಂಚಿನಲ್ಲಿ ನಿಂತಿದ್ದ. ನೀರು ಇನ್ನೂ ಕೆಳಗಿತ್ತು.